ಹಣ್ಣಿನ ಉಸಿರು ತಾಗಿದ ಹೂವು

ಮದುವೆಯ ಹಂದರಕ್ಕೆ ಕಟ್ಟಿದ ಬಾಳೆಕಂಬದಲ್ಲಿ ಹಣ್ಣಾದ ಗೊನೆಯನ್ನು ಕಂಡವರು ಯಾರಾದರೂ ಇದ್ದಾರೆಯೇ? ಧಾರವಾಡ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಮದುವೆ ಮನೆಯ ಬಾಗಿಲಲ್ಲಿ ನಿಂತ ಬಾಳೆಗೆ ಇರುವುದು ಕಾಯಿಗೊನೆಯೇ, ಅದೂ ಎಲೆಯಷ್ಟೇ ಹಸಿರಾದದ್ದು. ಗೊನೆಯ ತುದಿಯಲ್ಲಿ ಕೆಂಪು ಹೂಮೊಗ್ಗು ಜೋತಾಡುತ್ತಿದ್ದರಂತೂ ಕಟ್ಟಿದವನಿಗೆ ಹೆಮ್ಮೆ. ಕಾಯಿಯೇ ಏಕೆ, ಹಣ್ಣೇಕೆ ಅಲ್ಲ ಎಂದು ಕೇಳಿದರೆ ಹಿರಿಯರಿಂದ ಮೂರು ಉತ್ತರ ಬರುತ್ತವೆ. ಹಣ್ಣಾದರೆ ಮಂಗಗಳು ಬಿಡುವುದಿಲ್ಲ. ಮಂಗಗಳು ಬಿಟ್ಟರೂ ಹುಡುಗರು ಬಿಡುವುದಿಲ್ಲ. ಮೊದಲಿನಿಂದ ಹಾಗೇ ನಡೆದು ಬಂದಿದೆ. ಮೂರೂ ನಿಜವೇ.

ನಾಲ್ಕನೆಯ ಕಾರಣವೊಂದು ಅದರಲ್ಲಿ ಅಡಗಿದೆ. ಅದನ್ನು ಹಿರಿಯರು ತಿಳಿದೇ ಮಾಡಿದರು ಎಂದರೆ ಅತಿಯಾದೀತು. ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು ಎನ್ನುವವರ ಸಾಲಿಗೆ ವಿಜ್ಞಾನವನ್ನು ಎಳೆದು ನಿಲ್ಲಿಸುವುದು ಸುಲಭ. ಆ ಕೆಲಸಕ್ಕೆ ಪುರಾವೆ ಬೇಕಾಗುವುದಿಲ್ಲ. ಕಾಯಿಗೊನೆ ಹಂದರಕ್ಕೆ ಬಂದದ್ದು ಅದು ಫಲದ, ಬೆಳೆಯುವ ಸಂಸಾರದ ಗುರುತು ಎಂದು. ಅದರ ಪಕ್ಕದಲ್ಲಿ ಕಟ್ಟಿದ ಹೂಮಾಲೆ ಬಾಡದೆ ಉಳಿದದ್ದು ಮಾತ್ರ ಅದೃಷ್ಟದಿಂದ. ಆ ಅದೃಷ್ಟ ಎಂಥದು ಎಂಬುದು ಅದು ಕೈಕೊಟ್ಟ ಮನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅಂಥ ಮನೆಯೊಂದು ಕುಬಿಹಾಳದಲ್ಲಿತ್ತು.

ಕುಂದಗೋಳ ತಾಲ್ಲೂಕಿನ ಕುಬಿಹಾಳ ಎರೆಭೂಮಿಯ ಊರು. ಮಳೆ ನಂಬಿದ ಹೊಲ; ಹತ್ತಿ, ಮೆಣಸಿನಕಾಯಿ, ಶೇಂಗಾ, ಹಿಂಗಾರಿಗೆ ಜೋಳ, ಕಡಲೆ. ಮಾಘ ಮಾಸ ಬರುವ ಹೊತ್ತಿಗೆ ಜೋಳದ ತೆನೆ ಬಲಿತಿರುತ್ತದೆ, ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿಕೊಂಡಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಬರುವ ಅಥವಾ ಬಾರದಿರುವ ಹೊತ್ತೂ ಅದೇ. ಮದುವೆಗಳು ಆಗಲೇ ನಿಲ್ಲುತ್ತವೆ. ಹಂದರಕ್ಕೆ ಬಾಳೆಕಂಬ, ಬಾಗಿಲಿಗೆ ಮಾವಿನೆಲೆಯ ತೋರಣ, ಚೆಂಡುಹೂವಿನ ಸರ. ಒಳಗೆ ತೆಂಗಿನಕಾಯಿಯ ಕಳಸ. ಹೆಣ್ಣುಮಕ್ಕಳ ಉಡಿಗೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು, ಬಾಳೆಹಣ್ಣು. ಹೂವು, ಹಣ್ಣು, ಕಾಯಿ ಒಂದೇ ತಟ್ಟೆಯಲ್ಲಿ ಕೂಡುವುದು ಇಲ್ಲಿ ಹೊಸದಲ್ಲ. ಬೆಳಗಾವಿಯಿಂದ ಆಚೆ ಮಹಾರಾಷ್ಟ್ರದ ಮದುವೆಗಳಲ್ಲಂತೂ ರುಖವತ್ ಎಂದು ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ತಿಂಡಿ, ಕುಸುರಿ ಕೆಲಸಗಳನ್ನು ಜೋಡಿಸಿ ಪ್ರದರ್ಶನಕ್ಕಿಡುವ ಪದ್ಧತಿಯೇ ಇದೆ.

ಹೊಸದು ಬಂದದ್ದು ಮೇಜು. ನೆಲದ ಮೇಲೆ ಪಂಕ್ತಿ ಹಾಕಿ, ಎಲೆಯ ಸುತ್ತ ರಂಗೋಲಿ ಎಳೆದು ಬೀಗರಿಗೆ ಬಡಿಸುತ್ತಿದ್ದ ಕಾಲದಲ್ಲಿ ನಡುವೆ ಏನಿಡಬೇಕು ಎಂಬ ಪ್ರಶ್ನೆಯೇ ಇರಲಿಲ್ಲ. ಈಗ ಹಳ್ಳಿಯ ಮದುವೆಗೂ ಬಾಡಿಗೆ ಮೇಜು, ಕುರ್ಚಿ ಬರುತ್ತವೆ. ಮೇಜಿನ ನಡುವೆ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಹೂವಿನ ಜೊತೆ ಸೇಬು, ದ್ರಾಕ್ಷಿ, ಬಾಳೆಹಣ್ಣು ಪೇರಿಸಿಟ್ಟ ಚಿತ್ರಗಳು ಎಲ್ಲರ ಫೋನಿನಲ್ಲೂ ಇವೆ.

ಆ ಮನೆಯ ಮದುಮಗಳ ತಂಗಿ ಇಂಥದೊಂದು ಚಿತ್ರ ನೋಡಿದಳು. ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ದಿನಾ ಬಸ್ಸಿನಲ್ಲಿ ಹೋಗಿಬಂದು ಓದುವ ಹುಡುಗಿ. ಮುಂದಿನ ತಿಂಗಳೇ ಪರೀಕ್ಷೆ. ಹುಬ್ಬಳ್ಳಿಯ ಅಲಂಕಾರದವನು ವೇದಿಕೆಗೂ ಬೀಗರ ಎಂಟು ಮೇಜುಗಳಿಗೂ ಸೇರಿಸಿ ಹನ್ನೆರಡು ಸಾವಿರ ಕೇಳಿದ್ದ. ಆ ವರ್ಷ ಹತ್ತಿ ಕೈಹಿಡಿದಿರಲಿಲ್ಲ. ಅಪ್ಪ ಏನೂ ಹೇಳದೆ ಮೀಸೆ ಸವರಿಕೊಂಡದ್ದನ್ನು ನೋಡಿ ಹುಡುಗಿ, "ಎಂಟೂ ನಾನ ಮಾಡ್ತೀನಿ" ಅಂದಳು.

"ನೀ ಓದಾಕ ಕುಂದ್ರು. ಹೂವು ಹಣ್ಣು ಅಂತ ಅಡ್ಡ್ಯಾಡಿದ್ರ ಪರೀಕ್ಷಿ ಯಾರು ಬರೀತಾರ?" ಎಂಬುದು ಅಪ್ಪನ ಮಾತು. ಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಹನ್ನೆರಡು ಸಾವಿರ ರೂಪಾಯಿ ಆ ಮನೆಗೆ ಸಣ್ಣ ಮೊತ್ತವಾಗಿರಲಿಲ್ಲ.

ಮದುವೆಯ ಹಿಂದಿನ ದಿನ ಸೋದರಮಾವ ಹುಬ್ಬಳ್ಳಿಯ ದುರ್ಗದಬೈಲಿನಿಂದ ಎರಡು ಬುಟ್ಟಿ ಹೂ ತಂದರು. ಒಂದರಲ್ಲಿ ಚೆಂಡುಹೂ, ಸೇವಂತಿಗೆ, ಇನ್ನೊಂದರಲ್ಲಿ ಗುಲಾಬಿ. ಫೆಬ್ರವರಿ ನಡುವಿನಲ್ಲಿ ಗುಲಾಬಿಯ ಬೆಲೆ ಏಕೆ ಏರುತ್ತದೆ ಎಂಬುದನ್ನು ಪಿಯುಸಿ ಓದುವವರಿಗೆ ಹೇಳಬೇಕಾಗಿಲ್ಲ. ಸೋದರಮಾವನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಜೊತೆಗೆ ಐದು ಕಿಲೊ ಸೇಬು, ಒಂದಿಷ್ಟು ದಾಳಿಂಬೆ, ನಿಂಬೆಹಣ್ಣು. ಬಾಳೆಹಣ್ಣು ಮನೆಯಲ್ಲೇ ಇತ್ತು. ಉಡಿಗೆ, ಊಟಕ್ಕೆ ಎಂದು ತಂದ ಸುಮಾರು ಎಂಬತ್ತು ಕಿಲೊ ಬಾಳೆಯನ್ನು ಎರಡು ದಿನ ಮೊದಲೇ ಒಳಖೋಲಿಯಲ್ಲಿ ಹುಲ್ಲು ಹಾಸಿ, ಗೋಣಿಚೀಲ ಹೊದಿಸಿ, ಊದುಬತ್ತಿ ಹಚ್ಚಿ, ಬಾಗಿಲು ಹಾಕಿ ಹಣ್ಣಿಗೆ ಇಟ್ಟಿದ್ದರು. ಅದಾಗಲೇ ಅರ್ಧ ಹಳದಿಯಾಗಿತ್ತು.

ಹುಡುಗಿ ರಾತ್ರಿ ಹತ್ತರವರೆಗೂ ಕುಳಿತು ಹಿತ್ತಾಳೆಯ ಎಂಟು ತಾಟುಗಳಲ್ಲಿ ನಡುವೆ ಸೇಬು, ಬಾಳೆಹಣ್ಣು, ಸುತ್ತ ಗುಲಾಬಿ, ಅಂಚಿಗೆ ಚೆಂಡುಹೂ ಜೋಡಿಸಿದಳು. ಮನೆ ತುಂಬ ಮಕ್ಕಳು, ಹೊರಗೆ ಆಡುಗಳು. ಯಾರೂ ಮುಟ್ಟದಿರಲಿ ಎಂದು ತಾಟುಗಳನ್ನು ಅದೇ ಒಳಖೋಲಿಯಲ್ಲಿಟ್ಟು ಬಾಗಿಲು ಹಾಕಿದರು. ಐದು ಹಿಡಿದವು, ಉಳಿದ ಮೂರಕ್ಕೆ ಜಾಗವಿಲ್ಲದೆ ಪಡಸಾಲೆಯ ಕಿಟಕಿಯ ಕೆಳಗಿಟ್ಟು ಒದ್ದೆ ಅರಿವೆ ಮುಚ್ಚಿದರು.

ಬೆಳಗಿನ ನಾಲ್ಕು ಗಂಟೆಗೆ ಬಾಗಿಲು ತೆರೆದಾಗ ಒಳಗಿನ ಐದೂ ತಾಟುಗಳಲ್ಲಿ ಗುಲಾಬಿ ಜೋತು ಬಿದ್ದಿತ್ತು. ಕೈ ತಾಗಿದ ಹೂವಿನ ದಳಗಳೆಲ್ಲ ಉದುರಿ ತಾಟಿನಲ್ಲಿ ಬರೀ ತೊಟ್ಟು ಉಳಿಯಿತು.

ಹೂ ಬಾಡಿದ್ದಷ್ಟೇ ಆಗಿದ್ದರೆ ನಷ್ಟ ಕೆಲವು ನೂರು ರೂಪಾಯಿ. ಆದರೆ ಅರಿಷಿಣದ ಮೈಯಲ್ಲಿ ಮದುಮಗಳು ಅಲ್ಲೇ ಕುಳಿತಿದ್ದಳು. ಊರಿಂದ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು, "ಅಕ್ಕಿಕಾಳು ಬೀಳೂಕಿಂತ ಮೊದಲ ಹೂ ಉದುರಿದ್ರ ಛಲೋ ಅಲ್ಲವಾ" ಎಂದರು. ಇನ್ನೊಬ್ಬರು, "ಹುಡುಗೀ ಕಾಲ್ಗುಣ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಇಂಥ ಮಾತನ್ನು ಅರ್ಧಕ್ಕೆ ನಿಲ್ಲಿಸಿದರೂ ಅದು ಮುಂದೆ ಹೋಗಿಬಿಡುತ್ತದೆ. ಬೀಗರು ಬರುವ ಹೊತ್ತಿಗೆ ಹಂದರ ದಾಟುತ್ತದೆ, ಸಂಜೆಗೆ ಗಂಡನ ಊರು ಸೇರುತ್ತದೆ. ಮುಂದೆ ಆ ಮನೆಯಲ್ಲಿ ಎತ್ತು ಸತ್ತರೂ, ಮಳೆ ತಪ್ಪಿದರೂ, ಕೂಸು ಹುಟ್ಟುವುದು ತಡವಾದರೂ ಯಾರೋ ಒಬ್ಬರು ಆ ಬೆಳಗಿನ ಹೂವನ್ನು ನೆನಪಿಸುತ್ತಾರೆ. ಹೆಣ್ಣುಮಗಳೊಬ್ಬಳು ಆಯುಷ್ಯಪೂರ್ತಿ ಉತ್ತರ ಕೊಡಬೇಕಾದ ಪ್ರಶ್ನೆ ಅಲ್ಲಿ ಒಂದು ತಾಟಿನ ಮೇಲೆ ಬಿದ್ದಿತ್ತು.

ತಂಗಿ ಪಡಸಾಲೆಗೆ ಓಡಿಹೋಗಿ ಕಿಟಕಿಯ ಕೆಳಗಿನ ಮೂರು ತಾಟುಗಳ ಅರಿವೆ ತೆಗೆದಳು. ಅವುಗಳಲ್ಲಿನ ಗುಲಾಬಿ ನಿನ್ನೆ ಇದ್ದ ಹಾಗೇ ಇತ್ತು. ಒಂದನ್ನು ಎತ್ತಿ ತಂದು ಆಯಿಯ ಮುಂದೆ ಇಟ್ಟಳು.

"ಒಂದ ಬುಟ್ಟಿ ಹೂ, ಆಯಿ. ಐದು ತಾಟು ಒಳಗ, ಮೂರು ಹೊರಗ. ಅಕ್ಕನ ನಸೀಬ ಕೆಟ್ಟದಿದ್ರ ಹೊರಗಿನ ಹೂ ಯಾಕ ಉದುರಲಿಲ್ಲ?"

ಆಯಿ ಸುಮ್ಮನೆ ನೋಡಿದರು.

"ಬಾಳಿಕಾಯಿ ಹಣ್ಣಾಗಬೇಕಂದ್ರ ನಡುವ ಒಂದು ಹಣ್ಣು ಇಡು ಅಂತ ನೀನ ಹೇಳಿಕೊಟ್ಟಿ. ಆ ಹಣ್ಣು ಕಾಯಿಗೆ ಏನ ಮಾಡ್ತೈತಿ?"

"ಕಾವು ಕೊಡ್ತೈತಿ."

"ಅದ ಕಾವು ಹೂವಿಗೂ ತಾಗೇತಿ."

ಆಯಿ ಎದ್ದು ಒಳಖೋಲಿಯ ಬಾಗಿಲಲ್ಲಿ ಮೂಗು ಚಾಚಿದರು. ಮಾಗಿದ ಬಾಳೆಯ ವಾಸನೆ ಗಮ್ಮೆಂದು ಬಂತು. ಹೊರಗೆ ಬಂದು ಅತ್ತೆಗೆ, "ಬಾಳಿಹಣ್ಣಿನ ಕಾವು ತಾಗೇತಿ, ಅಷ್ಟ. ಕಾಲ್ಗುಣ ಗೀಲ್ಗುಣ ಅಂತ ನನ್ನ ಮನ್ಯಾಗ ಯಾರೂ ಅನಬ್ಯಾಡ್ರಿ" ಎಂದರು. ಆ ಮನೆಯಲ್ಲಿ ಆಯಿಯ ಮಾತಿನ ಮೇಲೆ ಇನ್ನೊಂದು ಮಾತಿಲ್ಲ.

ಆ ಹುಡುಗಿ ಆಯಿಯ ಮುಂದೆ ಪುಸ್ತಕದ ಹೆಸರೆತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಎತ್ತಿದ್ದರೆ, ಪುಸ್ತಕದ್ದು ಪುಸ್ತಕಕ್ಕೆ ಇರಲಿ ಎಂಬ ಉತ್ತರ ಬರುತ್ತಿತ್ತು. ಅವಳು ಮಾಡಿದ್ದು ಎರಡೇ ಕೆಲಸ: ಒಂದೇ ಬುಟ್ಟಿಯ ಹೂವನ್ನು ಎರಡು ಕಡೆ ಇಟ್ಟಾಗ ಏನಾಯಿತು ಎಂದು ತೋರಿಸಿದಳು; ಆಯಿಗೆ ಐವತ್ತು ವರ್ಷದಿಂದ ಗೊತ್ತಿದ್ದ ಸಂಗತಿಯನ್ನೇ ಆಯಿಗೆ ನೆನಪಿಸಿದಳು. ಪ್ರಯೋಗಶಾಲೆಯಲ್ಲಿ ಹೋಲಿಕೆಗೆಂದು ಪ್ರತ್ಯೇಕವಾಗಿಡುವ ಮಾದರಿ ಎಷ್ಟು ಮುಖ್ಯವೆಂದು ಎಷ್ಟು ಹೇಳಿದರೂ ಮಕ್ಕಳಿಗೆ ಅದು ಪಾಠದ ಸಾಲಾಗಿಯೇ ಉಳಿಯುತ್ತದೆ. ಕುಬಿಹಾಳದಲ್ಲಿ ಅದು ಜಾಗ ಸಾಲದೆ ಪಡಸಾಲೆಯಲ್ಲಿ ಉಳಿದ ಮೂರು ತಾಟಾಗಿ ಒದಗಿತು.

ಆಯಿಯ "ಕಾವು" ಅರ್ಧ ಸರಿ. ಬಾಳೆ ಹಣ್ಣಾಗುವಾಗ ಅದರ ಉಸಿರಾಟ ಒಮ್ಮೆಲೇ ಏರುತ್ತದೆ, ಶಾಖವೂ ಹೊರಡುತ್ತದೆ. ಹೂವನ್ನು ಕೆಡಿಸಿದ್ದು ಆ ಶಾಖವಲ್ಲ, ಅದರ ಜೊತೆಗೆ ಹೊರಡುವ ಎಥಿಲೀನ್ ಎಂಬ ಅನಿಲ. ಎರಡು ಇಂಗಾಲ, ನಾಲ್ಕು ಜಲಜನಕದ ಪರಮಾಣುಗಳ ಪುಟ್ಟ ಅಣು. ಹತ್ತನೆಯ ತರಗತಿಯ ಮಕ್ಕಳು ಈಥೀನ್ ಎಂದು ಓದುವುದು ಇದನ್ನೇ. ಪ್ಲಾಸ್ಟಿಕ್ ಚೀಲದ ಪಾಲಿಥಿನ್ ಆಗುವುದೂ ಇದರಿಂದಲೇ. ಗಿಡಗಳು ಇದನ್ನು ತಮ್ಮೊಳಗೇ ತಯಾರಿಸಿಕೊಳ್ಳುತ್ತವೆ. ಕಾಯಿಗೆ ಹಣ್ಣಾಗು ಎಂದೂ, ಎಲೆಗೆ ಉದುರು ಎಂದೂ, ಹೂವಿಗೆ ನಿನ್ನ ಕೆಲಸ ಮುಗಿಯಿತು ಎಂದೂ ಹೇಳುವ ಸಂಕೇತ ಅದು. ಪಕ್ಕದ ಹಣ್ಣಿನಿಂದ ಬಂದ ಸಂಕೇತವೋ ತನ್ನದೇ ಒಳಗಿನದೋ ಎಂದು ಕೇಳುವ ವ್ಯವಧಾನ ಹೂವಿಗಿಲ್ಲ. ಸಂಕೇತ ಬಂದರೆ ಸಾಕು, ದಳದ ಬುಡದಲ್ಲಿನ ಜೀವಕೋಶಗಳು ಒಂದನ್ನೊಂದು ಹಿಡಿದ ಹಿಡಿತವನ್ನು ಸಡಿಲಿಸುತ್ತವೆ.

ಇದು ಬೆಳಕಿಗೆ ಬಂದ ಕಥೆಯೂ ಸ್ವಾರಸ್ಯದ್ದೇ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬೀದಿದೀಪ ಉರಿಸಲು ಕಲ್ಲಿದ್ದಲ ಅನಿಲವನ್ನು ಕೊಳವೆಗಳಲ್ಲಿ ಹರಿಸುತ್ತಿದ್ದರು. ಕೊಳವೆ ಸೋರಿದ ಕಡೆ ಸಾಲುಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. 1901ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲ್ಯುಬೊವ್ ಎಂಬ ವಿದ್ಯಾರ್ಥಿ ತನ್ನ ಬಟಾಣಿ ಸಸಿಗಳು ಮೇಲಕ್ಕೆ ಬೆಳೆಯುವ ಬದಲು ಅಡ್ಡಡ್ಡ ಬೆಳೆಯುವುದನ್ನು ಕಂಡು, ಪ್ರಯೋಗಶಾಲೆಯ ಗಾಳಿಯನ್ನೇ ಪರೀಕ್ಷಿಸಿ, ದೀಪದ ಅನಿಲದಲ್ಲಿರುವ ಎಥಿಲೀನ್ ಇದಕ್ಕೆ ಕಾರಣ ಎಂದು ತೋರಿಸಿದ. 1908ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಕ್ರಾಕರ್ ಮತ್ತು ನೈಟ್ ಎಂಬವರು ಕಾರ್ನೇಷನ್ ಹೂ ಬೆಳೆಗಾರರ ನಷ್ಟದ ಬೆನ್ನುಹತ್ತಿದರು. ಹಸಿರುಮನೆಯಲ್ಲಿ ಅರಳಿದ ಹೂವು ಮತ್ತೆ ಮುದುಡಿ "ನಿದ್ದೆ ಹೋಗುತ್ತಿತ್ತು". ಇಪ್ಪತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದೇ ಒಂದು ಭಾಗ ಎಥಿಲೀನ್ ಇದ್ದರೂ ಹನ್ನೆರಡು ಗಂಟೆಯಲ್ಲಿ ಅರಳಿದ ಹೂ ಮುಚ್ಚಿಕೊಳ್ಳುತ್ತದೆಂದು ಅವರು ಕಂಡರು. 1910ರಲ್ಲಿ ಜಮೈಕಾದಿಂದ ಕಸಿನ್ಸ್ ಎಂಬವರು ಹಡಗಿನಲ್ಲಿ ಕಿತ್ತಳೆಯ ಜೊತೆ ಬಾಳೆಕಾಯಿ ಸಾಗಿಸಬೇಡಿ, ಬೇಗ ಹಣ್ಣಾಗುತ್ತದೆ ಎಂದು ಎಚ್ಚರಿಸಿದರು. ಕಿತ್ತಳೆ ತಾನಾಗಿ ಎಥಿಲೀನ್ ಬಿಡುವುದು ತೀರ ಕಡಿಮೆಯಾದ್ದರಿಂದ ಆ ಹಣ್ಣುಗಳಿಗೆ ಬೂಷ್ಟು ಹಿಡಿದಿರಬೇಕು ಎಂಬುದು ನಂತರದವರ ಊಹೆ. ಕಿತ್ತಳೆಯ ಹಸಿರು ಬೂಷ್ಟು ಈ ಅನಿಲವನ್ನು ಧಾರಾಳವಾಗಿ ಬಿಡುತ್ತದೆ. ಹಣ್ಣು ತಾನೇ ಎಥಿಲೀನ್ ತಯಾರಿಸುತ್ತದೆ ಎಂಬುದು ಖಚಿತವಾದದ್ದು 1934ರಲ್ಲಿ, ಇಂಗ್ಲೆಂಡಿನ ಗೇನ್ ಸೇಬಿನಿಂದ ಹೊರಡುವ ಅನಿಲವನ್ನು ಹಿಡಿದು ಗುರುತಿಸಿದಾಗ. ಕಸಿನ್ಸ್ ಹೆಸರು ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ, ಸಸ್ಯಗಳ ಬೆಳವಣಿಗೆಯ ಪಾಠದಲ್ಲಿ ಒಂದು ಸಾಲಾಗಿ ಬರುತ್ತದೆ.

ಕುಬಿಹಾಳದ ಖೋಲಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಬಹುದು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಖೋಲಿ ಎಂದುಕೊಂಡರೆ 640 ಘನ ಅಡಿ, ಅಂದರೆ ಸುಮಾರು 18,000 ಲೀಟರ್ ಗಾಳಿ. ಮಾಗುತ್ತಿರುವ ಬಾಳೆ ಕಿಲೊ ಒಂದಕ್ಕೆ ಗಂಟೆಗೆ 1ರಿಂದ 10 ಮೈಕ್ರೊಲೀಟರ್ ಎಥಿಲೀನ್ ಬಿಡುತ್ತದೆ. ನಡುವಿನ 5 ಹಿಡಿಯೋಣ. 80 ಕಿಲೊ, 12 ಗಂಟೆ: 4,800 ಮೈಕ್ರೊಲೀಟರ್. ಸೇಬು ಇದಕ್ಕಿಂತ ಜೋರು, 10ರಿಂದ 100. ಅದಕ್ಕೂ 50 ಹಿಡಿದರೆ 5 ಕಿಲೊದಿಂದ 3,000. ಕೂಡಿಸಿದರೆ 7,800 ಮೈಕ್ರೊಲೀಟರ್, ಹೆಚ್ಚೆಂದರೆ ಒಂದೂವರೆ ಚಮಚದಷ್ಟು ಅನಿಲ. ಅದನ್ನು 18,000 ಲೀಟರಿಗೆ ಹಂಚಿದರೆ ಬೆಳಗಿನ ಹೊತ್ತಿಗೆ ಹತ್ತು ಲಕ್ಷ ಭಾಗಕ್ಕೆ ಸುಮಾರು 0.43 ಭಾಗ. ಷಿಕಾಗೊದ ಕಾರ್ನೇಷನ್ನನ್ನು ಮಲಗಿಸಿದ ಪ್ರಮಾಣ 0.5. ಸೂರಿನ ಸಂದಿಯಿಂದ ಒಂದಿಷ್ಟು ಹೊರಗೆ ಹೋಗಿರಬೇಕು, ನಿಜ; ಊದುಬತ್ತಿಯ ಹೊಗೆ ಒಂದಿಷ್ಟು ಕೂಡಿಸಿರಲೂ ಬೇಕು, ಏಕೆಂದರೆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಊದುಬತ್ತಿ ಹಚ್ಚಿಟ್ಟರೆ ಬಾಳೆ ಬೇಗ ಹಣ್ಣಾಗುವುದು ಆ ಕಾರಣಕ್ಕೆ. ಅಂತೂ ಒಂದು ಮದುಮಗಳ ಕಾಲ್ಗುಣ ಎಂದು ಕರೆಸಿಕೊಳ್ಳಲಿದ್ದ ವಸ್ತುವಿನ ಅಳತೆ ಒಂದೂವರೆ ಚಮಚ.

ಹಂದರದ ಕಾಯಿಗೊನೆಯ ಅದೃಷ್ಟವೂ ಇಲ್ಲಿಗೆ ಬಿಡಿಸಿಕೊಳ್ಳುತ್ತದೆ. ಹಸಿರು ಬಾಳೆಕಾಯಿ ಮಾಗಲು ಆರಂಭಿಸುವವರೆಗೆ ಬಿಡುವ ಎಥಿಲೀನ್ ಅತ್ಯಲ್ಪ, ಬಿಟ್ಟದ್ದನ್ನು ಬಯಲ ಗಾಳಿ ಒಯ್ಯುತ್ತದೆ. ಪಕ್ಕದಲ್ಲಿದ್ದ ಚೆಂಡುಹೂವೂ ಅಷ್ಟು ಸೂಕ್ಷ್ಮದ್ದಲ್ಲ.

ಆ ಬೆಳಗ್ಗೆ ಒಳಖೋಲಿಯ ಐದು ತಾಟುಗಳಲ್ಲಿಯೂ ಚೆಂಡುಹೂ ಚೆನ್ನಾಗಿಯೇ ಇತ್ತು. ಬುಟ್ಟಿಯಲ್ಲಿ ಮಿಕ್ಕಿದ್ದ ಸೇವಂತಿಗೆಯೂ ಹಾಗೇ. ಎಥಿಲೀನಿಗೆ ಸೇವಂತಿಗೆ ಹೆಚ್ಚು ಬಗ್ಗುವ ಹೂವಲ್ಲ. ಏಳು ಗಂಟೆಯೊಳಗೆ ಹುಡುಗಿ, ಅವಳ ಇಬ್ಬರು ಗೆಳತಿಯರು ಕೂಡಿ ತಾಟುಗಳನ್ನು ಹೊಸದಾಗಿ ಕಟ್ಟಿದರು. ಸೇಬು, ಬಾಳೆಹಣ್ಣು ಹೊರಬಿದ್ದವು. ನಡುವೆ ದಾಳಿಂಬೆ, ಅದರ ಸುತ್ತ ನಿಂಬೆಹಣ್ಣು. ಈ ಎರಡೂ, ದ್ರಾಕ್ಷಿಯೂ ಎಥಿಲೀನ್ ಬಿಡುವುದು ಕಿಲೊಗೆ ಗಂಟೆಗೆ 0.1 ಮೈಕ್ರೊಲೀಟರಿಗಿಂತ ಕಡಿಮೆ. ಹೂ ಚುಚ್ಚಲು ಬಾಳೆದಿಂಡಿನ ತುಂಡು. ಹೂ ಮಾರುವವರು ಬಳಸುವ ಹಸಿರು ಸ್ಪಂಜಿನ ಇಟ್ಟಿಗೆಗಿಂತ ಇದು ಎಷ್ಟೋ ಮೇಲು. ಆ ಇಟ್ಟಿಗೆ ಫೀನಾಲ್, ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್ಕು; ತಿನ್ನುವ ಹಣ್ಣು ಅದಕ್ಕೆ ತಾಗಬಾರದು, ಮಣ್ಣಿಗೆ ಹಾಕಿದರೂ ಕೊಳೆಯುವುದಿಲ್ಲ. ಬಾಳೆದಿಂಡು ತನ್ನೊಳಗಿನ ನೀರಿನಿಂದ ಹೂವನ್ನು ತಂಪಾಗಿಡುತ್ತದೆ, ಮರುದಿನ ಎಮ್ಮೆಯ ಹೊಟ್ಟೆ ಸೇರುತ್ತದೆ. ಎತ್ತರಕ್ಕೆ ಹೊಲದಿಂದ ತಂದ ನಾಲ್ಕು ನಾಲ್ಕು ಜೋಳದ ತೆನೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮೆಣಸಿನಕಾಯಿಯೂ ಹಣ್ಣೇ ಎಂದು ಹುಡುಗಿ ಕಣದ ಕೆಂಪು ಮೆಣಸಿನಕಾಯಿಯನ್ನೂ ಸಿಕ್ಕಿಸಹೋದಾಗ ಆಯಿ, "ಬೀಗರಿಗೆ ದೃಷ್ಟಿ ತಗದಂಗ ಆಗ್ತೈತಿ, ಬ್ಯಾಡ" ಎಂದರು. ನಿಂಬೆಹಣ್ಣಿನ ಪಕ್ಕದಲ್ಲಿ ಅದು ಹಾಗೇ ಕಾಣುತ್ತಿತ್ತು. ಉದುರಿದ ಗುಲಾಬಿ ದಳಗಳನ್ನು ಹಂದರದ ರಂಗೋಲಿಗೆ ತುಂಬಿದರು. ಸಂಜೆ ಮೇಜು ಎತ್ತುವವರೆಗೂ ತಾಟುಗಳು ಚೆನ್ನಾಗಿದ್ದವು. ಬೀಗರ ಕಡೆಯ ಹೆಣ್ಣುಮಕ್ಕಳು ಹೊರಡುವಾಗ ದಾಳಿಂಬೆ ಅವರ ಉಡಿ ಸೇರಿತು.

ಮದುವೆ ಮುಗಿದ ರಾತ್ರಿ ಅಪ್ಪ ಕೇಳಿದ್ದು ಇಷ್ಟೇ: "ಈ ಹಣ್ಣಿನ ಗಾಳಿದು ಪರೀಕ್ಷಿಯೊಳಗ ಬರ್ತೈತೇನು?"

"ಇಲ್ಲಪ್ಪಾ. ಅದು ಹೋದ ವರ್ಷದ ಪಾಠ."

"ಹೋದ ವರ್ಷದ್ದು ಇನ್ನೂ ನೆನಪೈತೇನು?" ಎಂದು ಅವರು ಮಗಳನ್ನು ಸ್ವಲ್ಪ ಹೊತ್ತು ನೋಡಿದರಂತೆ.

ಮನೆಯ ಮದುವೆಗೆ ಇಂಥ ಕೆಲಸಕ್ಕೆ ಕೈಹಾಕುವವರು ಇನ್ನೂ ಕೆಲವನ್ನು ತಿಳಿದಿರಬೇಕು. ಸೇಬು, ಪಪ್ಪಾಯಿ, ಮಾಗಿದ ಬಾಳೆ, ಮಾವು, ಪೇರಲ, ಚಿಕ್ಕು, ಸೀತಾಫಲ ಇವೆಲ್ಲ ಕಿತ್ತ ಮೇಲೂ ಮಾಗುವ ಜಾತಿಯವು. ಹೂವಿನ ಜೊತೆ ಮುಚ್ಚಿಡತಕ್ಕವಲ್ಲ. ನವಲೂರಿನ ಪೇರಲ, ಧಾರವಾಡದ ಆಪೂಸು ಎಷ್ಟೇ ಚೆಂದ ಕಂಡರೂ ಊಟಕ್ಕೆ ಕೂಡುವ ಅರ್ಧ ಗಂಟೆ ಮೊದಲು ಮೇಜಿಗೆ ಬಂದರೆ ಸಾಕು. ಅನಾನಸು ಅಷ್ಟು ತೊಂದರೆಯದಲ್ಲ, ಇಡಿಯಾಗಿದ್ದರೆ. ಹಣ್ಣನ್ನು ಕೊಯ್ದರೆ, ಕಡ್ಡಿ ಚುಚ್ಚಿದರೆ ಗಾಯದಿಂದಲೂ ಎಥಿಲೀನ್ ಹೊರಡುತ್ತದೆ, ನೊಣವೂ ಬರುತ್ತದೆ. ಫ್ರಿಜ್ ಇರುವ ಮನೆಯವರು ಹೂವನ್ನು ಸೇಬಿನ ಜೊತೆ ಅದರೊಳಗಿಟ್ಟು, ತಂಪಿನಲ್ಲಿದೆಯಲ್ಲ ಎಂದು ನೆಮ್ಮದಿಯಾಗಿರುತ್ತಾರೆ. ತಂಪು ಕೆಡುಕನ್ನು ನಿಧಾನ ಮಾಡುತ್ತದೆ. ಮುಚ್ಚಿದ ಪೆಟ್ಟಿಗೆ ಅನಿಲವನ್ನು ಕೂಡಿಹಾಕುತ್ತದೆ. ಹೂವಿಗೂ ಹಣ್ಣಿಗೂ ಬೇರೆ ಬೇರೆ ಕೋಣೆ, ತೆರೆದ ಕಿಟಕಿ, ಇವೆರಡು ಸಿಕ್ಕರೆ ಫ್ರಿಜ್ಜಿನ ಮಾತೇ ಬೇಡ.

ಅಂಗಡಿಯ ಹೂವಿಗೆ ಔಷಧ ಹೊಡೆದಿರುತ್ತಾರೆ. ಅದಕ್ಕೆ ತಾಗಿದ ಹಣ್ಣನ್ನು ತೊಳೆಯದೆ ಮಕ್ಕಳ ಕೈಗೆ ಕೊಡಬಾರದು. ಹಿತ್ತಲಲ್ಲಿ ಪುಕ್ಕಟೆ ಸಿಗುತ್ತದೆಂದು ಕಣಗಿಲ ಹೂವನ್ನಂತೂ ತಿನ್ನುವ ಪದಾರ್ಥದ ಹತ್ತಿರ ತರಲೇಬಾರದು. ಅದರ ಹೂ, ಎಲೆ, ಕಾಂಡ ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷ. ದೇವರಿಗೆ ಏರಿಸುವ ಹೂವೆಂದು ಅದು ಊಟದ ತಾಟಿಗೆ ನಿರಪಾಯವಾಗುವುದಿಲ್ಲ. ಹಣ್ಣನ್ನು ಬೇಗ ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವವರೂ ಇದ್ದಾರೆ. ಅದರಿಂದ ಬರುವ ಅಸಿಟಿಲೀನ್ ಎಥಿಲೀನಿನ ಹಾಗೆಯೇ ನಟಿಸುತ್ತದೆ. ಜೊತೆಗೆ ಆರ್ಸೆನಿಕ್, ರಂಜಕದ ಅಂಶಗಳೂ ಬರುತ್ತವೆ. ಕಾನೂನು ಅದನ್ನು ನಿಷೇಧಿಸಿದೆ. ಅದರ ಬದಲಿಗೆ ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಎಥಿಲೀನ್ ಅನಿಲವನ್ನೇ ಬಳಸಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಮನೆಯಲ್ಲಿ ಮಾಡಿ ನೋಡಬಯಸುವ ಮಕ್ಕಳಿಗೆ ಖರ್ಚು ಹೆಚ್ಚಿಲ್ಲ. ಮುಚ್ಚಳವಿರುವ ಒಂದೇ ಅಳತೆಯ ಮೂರು ದೊಡ್ಡ ಡಬ್ಬಿ ಬೇಕು, ಗಾಜಿನದಾದರೆ ಉತ್ತಮ. ಒಂದೇ ಗಿಡದಿಂದ ಒಂದೇ ಹೊತ್ತಿಗೆ ಕೊಯ್ದ ಮೂರು ಗುಲಾಬಿ ಅಥವಾ ದಾಸವಾಳದ ಟೊಂಗೆಗಳನ್ನು ನೀರಿನ ಪುಟ್ಟ ಸೀಸೆಗಳಲ್ಲಿ ನಿಲ್ಲಿಸಿ ಒಂದೊಂದು ಡಬ್ಬಿಯಲ್ಲಿಡಬೇಕು. ಮೊದಲನೆಯದರಲ್ಲಿ ಮಾಗಿದ ಸೇಬು, ಎರಡನೆಯದರಲ್ಲಿ ನಿಂಬೆಹಣ್ಣು, ಮೂರನೆಯದರಲ್ಲಿ ಹಣ್ಣಿಲ್ಲ. ಮೂರನ್ನೂ ಮುಚ್ಚಿ ಒಂದೇ ನೆರಳಲ್ಲಿಡಬೇಕು. ಮೂರನೆಯದಕ್ಕೆ ಹಣ್ಣೇ ಇಲ್ಲ, ಅದನ್ನೇಕೆ ಮುಚ್ಚಬೇಕು ಎಂದು ತಮ್ಮನೋ ತಂಗಿಯೋ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಲು ಬರಬೇಕು. ಆರು ಗಂಟೆಗೊಮ್ಮೆ ಡಬ್ಬಿ ತೆರೆಯದೆ ಹೊರಗಿನಿಂದಲೇ ನೋಡಿ ಬರೆದಿಟ್ಟುಕೊಂಡು, ಎರಡನೆಯ ದಿನ ತೆರೆದು, ಟೊಂಗೆಯನ್ನು ಬೆರಳಿನಿಂದ ಒಂದೇ ಸಲ ತಟ್ಟಿ, ಉದುರಿದ ದಳ, ಎಲೆ, ಮೊಗ್ಗುಗಳನ್ನು ಎಣಿಸಬೇಕು. ಒಂದು ಸಲ ಮಾಡಿ ಬಂದ ಫಲವನ್ನು ನಂಬಬಾರದು. ಮೂರು ಸಲವಾದರೂ ಆಗಬೇಕು. ನಿಂಬೆಹಣ್ಣಿಗೆ ಬೂಷ್ಟು ಹಿಡಿದಿದ್ದರೆ ಆ ಸಲದ ಎಣಿಕೆಯನ್ನು ಬೇರೆಯಾಗಿ ಬರೆದಿಡಿ, ಕಸಿನ್ಸ್ ಕಿತ್ತಳೆಗೆ ಏನಾಗಿತ್ತೆಂಬುದು ಅದರಲ್ಲಿ ಕಂಡರೂ ಕಂಡೀತು. ಪ್ರಯೋಗವಾದ ಮೇಲೆ ಸೇಬನ್ನು ತೊಳೆದು ತಿನ್ನಬಹುದು, ಇನ್ನಷ್ಟು ಸಿಹಿಯಾಗಿರುತ್ತದೆ.